ಬಂದರಿನ ದೀಪಸ್ತಂಭ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

‘ದೀಪ ಸರಿಯಿಲ್ಲ’ ಎಂಬ ದೂರು ಬಂದ ಕೂಡಲೇ ಹೆಚ್ಚಿನವರು ಜೇಬಿನಲ್ಲಿ ಹೊಸ ಬಲ್ಬ್ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ. ಬಲ್ಬ್ ಹೋಗಿದ್ದರೆ ದೂರು ‘ದೀಪವೇ ಇಲ್ಲ’ ಎಂದು ಬರುತ್ತಿತ್ತು. ‘ಮಂದವಾಗಿದೆ’, ‘ಎಣಿಕೆ ತಾಳೆಯಾಗುತ್ತಿಲ್ಲ’, ‘ಕೆಂಪು ಕಾಣಬೇಕಾದಲ್ಲಿ ಬಿಳಿ ಕಾಣುತ್ತಿದೆ’, ‘ಬೆಳಗಿನ ಜಾವ ಆರಿಹೋಗುತ್ತದೆ’ ಎಂಬ ದೂರುಗಳ ಮೂಲ ಸಾಮಾನ್ಯವಾಗಿ ಬೇರೆ ಕಡೆ ಇರುತ್ತದೆ: ಲೆನ್ಸ್‌ನಲ್ಲಿ, ಗಾಜಿನಲ್ಲಿ, ತಂತಿಯಲ್ಲಿ, ಗಡಿಯಾರದಲ್ಲಿ, ಎಷ್ಟೋ ಸಲ ದೀಪಸ್ತಂಭದ ಹಿಂದಿನ ಊರಿನಲ್ಲಿ. ಆದ್ದರಿಂದ ಹುಡುಕಾಟ ಸಮುದ್ರದ ಕಡೆಯಿಂದ ಶುರುವಾಗಿ ದೀಪದ ಕಡೆಗೆ ಬರಬೇಕು. ಈ ಕೈಪಿಡಿಯ ಕ್ರಮವೂ ಅದೇ.

ಹತ್ತುವ ಮೊದಲು

ದೀಪಗಳ ಅಧಿಕೃತ ಪಟ್ಟಿಯಲ್ಲಿ ನಿಮ್ಮ ದೀಪದ ಬಣ್ಣ, ಮಿನುಗುವ ಲಯ, ನಾಮಾಂಕಿತ ವ್ಯಾಪ್ತಿ ಮತ್ತು ವಲಯಗಳ (ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣ ತೋರುವ ಭಾಗಗಳ) ಕೋನಗಳು ಅಚ್ಚಾಗಿರುತ್ತವೆ. ನಾವಿಕ ನಂಬಿ ಬರುವುದು ಅದನ್ನೇ. ‘ಇದು ಮೊದಲಿನಿಂದಲೂ ಹೀಗೇ ಮಿನುಗುತ್ತಿದೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಪಟ್ಟಿಗೂ ದೀಪಕ್ಕೂ ತಾಳೆಯಾಗದಿದ್ದರೆ ದೀಪವೇ ತಪ್ಪು.

ದೂರು ಕೊಟ್ಟವರನ್ನು ನಾಲ್ಕು ಮಾತು ಕೇಳಿ. ಯಾವ ದಿಕ್ಕಿನಿಂದ, ಎಷ್ಟು ದೂರದಿಂದ, ರಾತ್ರಿ ಎಷ್ಟು ಹೊತ್ತಿಗೆ ನೋಡಿದಿರಿ? ನಿಮ್ಮ ಕಣ್ಣು ನೀರಿನಿಂದ ಎಷ್ಟು ಎತ್ತರದಲ್ಲಿತ್ತು? ಕೊನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಕೆಲವು ದೂರುಗಳು ಅಲ್ಲೇ ಮುಗಿಯುತ್ತವೆ. ಭೂಮಿಯ ಬಾಗುವಿಕೆಯಿಂದಾಗಿ ದೀಪ ಕಾಣುವ ಗರಿಷ್ಠ ದೂರ, ನಾಟಿಕಲ್ ಮೈಲಿಗಳಲ್ಲಿ (1,852 ಮೀಟರಿನ ಸಮುದ್ರ ಮೈಲಿ; ಈ ಕೈಪಿಡಿಯಲ್ಲಿ ಮೈಲಿ ಎಂದರೆ ಅದೇ), ದೀಪದ ಎತ್ತರ ಮತ್ತು ಕಣ್ಣಿನ ಎತ್ತರಗಳ (ಎರಡೂ ಮೀಟರ್‌ಗಳಲ್ಲಿ) ವರ್ಗಮೂಲಗಳನ್ನು ಕೂಡಿಸಿ 2.03ರಿಂದ ಗುಣಿಸಿದಷ್ಟು. 25 ಮೀಟರ್ ಎತ್ತರದ ದೀಪ, ಕಣ್ಣು 4 ಮೀಟರ್ ಮೇಲಿರುವ ಹಡಗಿಗೆ 14 ಮೈಲಿಯಿಂದ ಕಾಣಬಹುದು. ಸಣ್ಣ ದೋಣಿಯಲ್ಲಿ ಕೂತವನ ಕಣ್ಣು ಒಂದು ಮೀಟರ್ ಮೇಲಿದ್ದರೆ 12 ಮೈಲಿಗೇ ಮುಗಿಯಿತು. ಅದರಾಚೆ ಎಷ್ಟು ಪ್ರಖರ ದೀಪ ಹಾಕಿದರೂ ಅವನಿಗೆ ಆಕಾಶದಲ್ಲಿ ಒಂದಿಷ್ಟು ಹೊಳಪು ಕಂಡೀತು, ದೀಪ ಕಾಣದು.

ಪರೀಕ್ಷೆಗಾಗಿ ರಾತ್ರಿ ಹೊತ್ತು ದೀಪ ಆರಿಸಬೇಕಾದರೆ, ಬೇರೆ ಬಲ್ಬಿಗೆ ಬದಲಿಸಬೇಕಾದರೆ, ಬಂದರು ನಿಯಂತ್ರಣಕ್ಕೆ ಮೊದಲೇ ತಿಳಿಸಿ ನಾವಿಕರಿಗೆ ಎಚ್ಚರಿಕೆ ಹೊರಡಿಸಿ. ಆರಿದ ದೀಪಕ್ಕಿಂತ ತಪ್ಪು ಹೇಳುವ ದೀಪ ಅಪಾಯಕಾರಿ. ಲಯವೋ ಬಣ್ಣವೋ ತಪ್ಪಿರುವುದು ಖಚಿತವಾದರೆ ದುರಸ್ತಿಗೂ ಮುನ್ನ ಎಚ್ಚರಿಕೆ ಹೋಗಬೇಕು.

‘ದೀಪ ಮಂದವಾಗಿದೆ’

ಅತಿ ಹೆಚ್ಚು ಸಮಯ ತಿನ್ನುವ ದೂರು ಇದು. ಲೆಕ್ಕ ಗೊತ್ತಿಲ್ಲದೆ ಹೋದರೆ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ನಾಮಾಂಕಿತ ವ್ಯಾಪ್ತಿ ಎಂದರೆ ವಾತಾವರಣದ ಗೋಚರತೆ 10 ನಾಟಿಕಲ್ ಮೈಲಿ ಇರುವಾಗ ದೀಪ ಎಷ್ಟು ದೂರಕ್ಕೆ ಕಾಣುತ್ತದೆ ಎಂಬುದು. ಕಣ್ಣಿಗೆ ಬೀಳುವ ಬೆಳಕು 0.2 ಮೈಕ್ರೊಲಕ್ಸ್ ಆದರೆ ‘ಕಂಡಿತು’ ಎಂದು ಲೆಕ್ಕ. ಈ ಅಳತೆಯಲ್ಲಿ 10 ಮೈಲಿ ವ್ಯಾಪ್ತಿಗೆ ಸುಮಾರು 1,400 ಕ್ಯಾಂಡೆಲಾ (ದೀಪದ ಪ್ರಖರತೆಯ ಮಾನ) ಬೇಕು, 5 ಮೈಲಿಗೆ 77 ಕ್ಯಾಂಡೆಲಾ ಸಾಕು. ಈ ಎರಡು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ದೀಪದ ಅರ್ಧ ಬೆಳಕು ಹೋದರೂ ವ್ಯಾಪ್ತಿ 10ರಿಂದ 8.6 ಮೈಲಿಗೆ ಇಳಿಯುತ್ತದೆ, ಅಷ್ಟೇ. ಹಡಗಿನವರು ಗಮನಿಸುವುದೂ ಇಲ್ಲ. ಅವರೇ ‘5 ಮೈಲಿಗೆ ಬಂದ ಮೇಲೆ ಕಂಡಿತು’ ಎಂದರೆ ಅವರತ್ತ ಹೋಗುತ್ತಿರುವ ಬೆಳಕು ಹದಿನೆಂಟರಲ್ಲಿ ಒಂದು ಪಾಲಿಗೆ ಇಳಿದಿದೆ ಎಂದರ್ಥ. ಹಳೆಯ ಬಲ್ಬು, ತುಸು ಧೂಳು, ಸ್ವಲ್ಪ ಕಡಿಮೆ ವೋಲ್ಟೇಜ್ ಇವುಗಳಿಂದ ಇಷ್ಟು ದೊಡ್ಡ ನಷ್ಟ ಆಗುವುದಿಲ್ಲ. ಉಳಿಯುವ ಕಾರಣಗಳು ಮೂರು: ಹವೆ, ಹಿನ್ನೆಲೆಯ ಬೆಳಕು, ಲೆನ್ಸ್‌ನ ನಾಭಿ (ಲೆನ್ಸ್ ಕಿರಣಗಳನ್ನು ಕೂಡಿಸುವ ಬಿಂದು, ಬಲ್ಬ್ ಇರಬೇಕಾದ ಜಾಗ) ತಪ್ಪಿರುವುದು.

ಹವೆಯನ್ನು ಬೇಗ ಪಕ್ಕಕ್ಕಿಡಬಹುದು. ಆ ರಾತ್ರಿ ಗೋಚರತೆ 2 ಮೈಲಿ ಇತ್ತು ಎಂದು ದಾಖಲೆ ಹೇಳಿದರೆ, 10 ಮೈಲಿಯ ದೀಪ ಮೂರೂವರೆ ಮೈಲಿಯ ಒಳಗೆ ಮಾತ್ರ ಕಾಣುವುದು ಸಹಜ. ದೀಪ ಮುಟ್ಟಬೇಡಿ.

ಹಿನ್ನೆಲೆಯ ಬೆಳಕು ಬಂದರಿನ ದೀಪಗಳಿಗೇ ವಿಶೇಷವಾಗಿ ಅಂಟಿದ ರೋಗ. ಒಂಟಿ ಬಂಡೆಯ ಮೇಲಿನ ದೀಪಸ್ತಂಭದ ಹಿಂದೆ ಕತ್ತಲಿರುತ್ತದೆ. ಬಂದರಿನ ದೀಪದ ಹಿಂದೆ ಕ್ರೇನ್‌ಗಳ ಫ್ಲಡ್‌ಲೈಟು, ರಸ್ತೆ ದೀಪ, ಜಾಹೀರಾತು ಫಲಕ ಎಲ್ಲ ಇರುತ್ತವೆ. ಹಿನ್ನೆಲೆಯಲ್ಲಿ ಸಾಧಾರಣ ಬೆಳಕಿದ್ದರೆ ಕಣ್ಣಿಗೆ ಹತ್ತು ಪಟ್ಟು, ಜೋರು ಬೆಳಕಿದ್ದರೆ ನೂರು ಪಟ್ಟು ಹೆಚ್ಚು ಬೆಳಕು ಬೇಕು ಎಂದು ಅಂತರರಾಷ್ಟ್ರೀಯ ದೀಪಸ್ತಂಭ ಸಂಸ್ಥೆ ಇಯಾಲಾದ ಲೆಕ್ಕ. ಅದೇ 1,400 ಕ್ಯಾಂಡೆಲಾದ ದೀಪ ಮೊದಲನೆಯ ಸಂದರ್ಭದಲ್ಲಿ 6 ಮೈಲಿಗೂ ಎರಡನೆಯದರಲ್ಲಿ 3 ಮೈಲಿಗೂ ಇಳಿಯುತ್ತದೆ. ದೀಪದಲ್ಲಿ ಒಂದು ಸ್ಕ್ರೂ ಕೂಡ ಸಡಿಲವಾಗಿರುವುದಿಲ್ಲ! ಇದನ್ನು ಪತ್ತೆ ಹಚ್ಚಲು ಇರುವುದು ಒಂದೇ ದಾರಿ: ದೋಣಿಯಲ್ಲಿ ದೂರು ಬಂದ ದಿಕ್ಕಿಗೆ ಹೋಗಿ, ದೀಪದ ಹಿಂದೆ ಹೊಸದಾಗಿ ಏನು ಬೆಳಗುತ್ತಿದೆ ಎಂದು ಕಣ್ಣಾರೆ ನೋಡುವುದು. ಮದ್ದು ದೊಡ್ಡ ಬಲ್ಬಲ್ಲ. ದಡದ ದೀಪಗಳಿಗೆ ಮರೆ ಕಟ್ಟಿಸಿ, ಅವು ನೆಲದ ಕಡೆ ಬಾಗುವಂತೆ ಮಾಡಿಸಿ. ಸ್ಥಿರವಾಗಿ ಉರಿಯುವ ದೀಪವಾಗಿದ್ದರೆ ಮಿನುಗುವ ಲಯಕ್ಕೆ ಬದಲಿಸಲು ಪ್ರಸ್ತಾವ ಕಳಿಸಿ. ಅಲುಗದ ನೂರು ದೀಪಗಳ ನಡುವೆ ಮಿನುಗುವ ಒಂದನ್ನು ಕಣ್ಣು ಬೇಗ ಹಿಡಿಯುತ್ತದೆ.

ಈಗ ನಾಭಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ಬಂದರಿಗೆ ಕಟ್ಟಿದ ಫಾರೋಸ್‌ನಿಂದ ಹಿಡಿದು 1543ರಲ್ಲಿ ಈಗಿನ ರೂಪ ಪಡೆದ ಜಿನೋವಾದ ಲ್ಯಾಂಟರ್ನಾವರೆಗೆ, ಬೆಂಕಿಯ ಬೆಳಕು ಬಹುಪಾಲು ಆಕಾಶಕ್ಕೂ ನೆಲಕ್ಕೂ ಚೆಲ್ಲಿಹೋಗುತ್ತಿತ್ತು. ಹಿಂದೆ ಕನ್ನಡಿ ಇಟ್ಟರೂ ಕನ್ನಡಿಯೇ ಒಂದಿಷ್ಟು ಬೆಳಕು ನುಂಗುತ್ತಿತ್ತು. ಫ್ರಾನ್ಸಿನ ಎಂಜಿನಿಯರ್ ಆಗುಸ್ಟಾನ್ ಫ್ರೆನೆಲ್ ದಪ್ಪ ಲೆನ್ಸನ್ನು ಉಂಗುರ ಉಂಗುರವಾಗಿ ಕತ್ತರಿಸಿ ತೆಳುವಾಗಿಸಿದರು. ಅವರ ಲೆನ್ಸ್ 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಚೆಲ್ಲುತ್ತಿದ್ದ ಬೆಳಕನ್ನು ಕ್ಷಿತಿಜದ ಉದ್ದಕ್ಕೂ ತೆಳ್ಳನೆಯ ಪಟ್ಟಿಯಾಗಿ ಹಾಸಿದ್ದು ಈ ಲೆನ್ಸ್. ಆದರೆ ಪಟ್ಟಿ ತೆಳ್ಳಗಾದಷ್ಟೂ ಗುರಿ ತಪ್ಪುವುದು ಸುಲಭ.

ದೊಡ್ಡ ಕಡಲ ದೀಪಗಳ ಒಂದನೇ ದರ್ಜೆಯ ಲೆನ್ಸ್‌ನ ನಾಭಿದೂರ 920 ಮಿಲಿಮೀಟರ್. ಬಂದರುಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ದರ್ಜೆ ಅಥವಾ ಅದಕ್ಕಿಂತ ಸಣ್ಣದು; ನಾಲ್ಕನೆಯದರ ನಾಭಿದೂರ 250 ಮಿಲಿಮೀಟರ್. ಬಲ್ಬಿನ ತಂತು ನಾಭಿಗಿಂತ 5 ಮಿಲಿಮೀಟರ್ ಕೆಳಗೆ ಕೂತರೆ ಇಲ್ಲಿ ಕಿರಣ ಒಂದು ಡಿಗ್ರಿಗಿಂತ ತುಸು ಹೆಚ್ಚು ಮೇಲಕ್ಕೆ ಏಳುತ್ತದೆ. 5 ಮೈಲಿ ದೂರದಲ್ಲಿ ಕಿರಣದ ನಡುಭಾಗ ಇರಬೇಕಾದ್ದಕ್ಕಿಂತ 185 ಮೀಟರ್ ಮೇಲೆ ಹೋಗಿರುತ್ತದೆ. ಹಡಗಿಗೆ ಸಿಗುವುದು ಅಂಚಿನ ಚೂರುಪಾರು ಬೆಳಕು. ಮೇಲೆ ಹತ್ತಿ ನೋಡಿದರೆ ಬಲ್ಬ್ ಝಗಝಗ ಉರಿಯುತ್ತಿರುತ್ತದೆ, ದೂರನಿಗಾ ಪರದೆಯೂ ‘ದೀಪ ಉರಿಯುತ್ತಿದೆ’ ಎನ್ನುತ್ತದೆ. ಅದು ಅಳೆಯುವುದು ವಿದ್ಯುತ್ ಪ್ರವಾಹವನ್ನು; ಬೆಳಕು ಎತ್ತ ಹೋಯಿತು ಎಂಬುದು ಅದಕ್ಕೆ ತಿಳಿಯದು.

ನಾಭಿ ಪರೀಕ್ಷೆಗೆ ಹಳೆಯ ಕಾವಲುಗಾರರ ವಿಧಾನವೇ ಈಗಲೂ ಚೆಂದ, ಉಪಕರಣದ ಖರ್ಚೂ ಇಲ್ಲ. ಹಗಲಿನಲ್ಲಿ ವಿದ್ಯುತ್ ಕಡಿದು ಬಲ್ಬ್ ತೆಗೆಯಿರಿ. ತಂತು ಇರಬೇಕಾದ ಜಾಗದಲ್ಲಿ ಸಮುದ್ರಕ್ಕೆ ಮುಖಮಾಡಿ ಒಂದು ಬಿಳಿ ಕಾಗದ ನೆಟ್ಟಗೆ ಹಿಡಿಯಿರಿ. ಕಾಗದದ ಮೇಲೆ ಹೊರಗಿನ ನೋಟ ತಲೆಕೆಳಗಾಗಿ ಮೂಡುತ್ತದೆ: ಗಾಢ ಸಮುದ್ರ ಮೇಲೆ, ತಿಳಿ ಆಕಾಶ ಕೆಳಗೆ, ನಡುವೆ ಕ್ಷಿತಿಜದ ಗೆರೆ. ಸುತ್ತಲೂ ಬೆಳಗುವ ಡ್ರಮ್ ಲೆನ್ಸ್ ಆದರೆ ಚಿತ್ರ ಅಡ್ಡಕ್ಕೆ ಹಿಗ್ಗಿ ಕಲಸಿದಂತೆ ಕಾಣುತ್ತದೆ, ಗೆರೆ ಮಾತ್ರ ಸ್ಪಷ್ಟ. ಆ ಗೆರೆಯನ್ನು ಪೆನ್ಸಿಲ್‌ನಿಂದ ಗುರುತಿಸಿ. ಬಲ್ಬ್ ಮತ್ತೆ ಹಾಕಿದಾಗ ತಂತುವಿನ ನಡುಭಾಗ ಅದೇ ಎತ್ತರದಲ್ಲಿರಬೇಕು. ಸೂರ್ಯ ಇರುವ ದಿಕ್ಕಿಗೆ ಈ ಪರೀಕ್ಷೆ ಬೇಡ: ಹಡಗಿಗೆ ಬೆಳಕು ಕಳಿಸುವ ಲೆನ್ಸ್ ಬಿಸಿಲನ್ನು ಒಳಗೆ ತಂದು ಕಾಗದವನ್ನೂ ಬೆರಳನ್ನೂ ಸುಡುತ್ತದೆ. ಹಗಲಲ್ಲಿ ದೀಪದ ಕೋಣೆಗೆ ಪರದೆ ಎಳೆಯುವ ಪದ್ಧತಿ ಬಂದದ್ದೇ ಈ ಕಾರಣಕ್ಕೆ.

ನಾಭಿ ತಪ್ಪಲು ಮುಖ್ಯ ಅಪರಾಧಿ ಬಲ್ಬ್ ಬದಲಿಸುವ ಯಂತ್ರ. ಒಂದು ಬಲ್ಬ್ ಹೋದರೆ ತಿರುಗಿ ಇನ್ನೊಂದನ್ನು ನಾಭಿಗೆ ತರುವುದು ಅದರ ಕೆಲಸ. ಉಪ್ಪುಗಾಳಿಗೆ ಸ್ಪ್ರಿಂಗ್ ಬಿಗಿ ಕಳೆದುಕೊಂಡಿದ್ದರೆ ಅಥವಾ ತಡೆಗೂಟಕ್ಕೆ ಹಸಿರು ಕಿಲುಬು ಹಿಡಿದಿದ್ದರೆ ಹೊಸ ಬಲ್ಬ್ ಗುರಿಗಿಂತ ನಾಲ್ಕೈದು ಮಿಲಿಮೀಟರ್ ಮೊದಲೇ ನಿಲ್ಲುತ್ತದೆ. ಯಂತ್ರವನ್ನು ಕೈಯಿಂದ ತಿರುಗಿಸಿ ಬಿಡಿ. ‘ಟಕ್’ ಎಂದು ಕೂರಬೇಕು, ಬೆರಳಿನಿಂದ ತಳ್ಳಿದರೆ ಮುಂದಕ್ಕೆ ಜರುಗಬಾರದು. ಮೀಸಲು ಬಲ್ಬುಗಳನ್ನೂ ಒಂದೊಂದಾಗಿ ಪರೀಕ್ಷಿಸಿ.

ಇಷ್ಟರಲ್ಲೂ ದೋಷ ಸಿಗದಿದ್ದರೆ ಸಣ್ಣ ನಷ್ಟಗಳ ಕಡೆ ಬನ್ನಿ. ತಂತುವಿನ ಬಲ್ಬ್‌ನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. 12 ವೋಲ್ಟ್, 50 ವ್ಯಾಟ್‌ನ ಬಲ್ಬಿಗೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿ 20 ಮೀಟರ್ ಎಳೆದರೆ ಹೋಗಿಬರುವ ದಾರಿಯಲ್ಲೇ 1.2 ವೋಲ್ಟ್ ಕಳೆದುಹೋಗುತ್ತದೆ, ಬೆಳಕು ಶೇ. 30 ಇಳಿಯುತ್ತದೆ. ಬ್ಯಾಟರಿಯ ತುದಿಯಲ್ಲಿ ಅಳೆದು ‘12 ವೋಲ್ಟ್ ಇದೆ’ ಎಂದು ಬರೆದರೆ ಪ್ರಯೋಜನವಿಲ್ಲ. ದೀಪ ಉರಿಯುತ್ತಿರುವಾಗ ಹೋಲ್ಡರಿನ ಕಾಲುಗಳ ನಡುವೆ ಅಳೆಯಿರಿ.

ಗಾಜಿನ ಮೇಲಿನ ಉಪ್ಪನ್ನು ಒಣಬಟ್ಟೆಯಿಂದ ಎಂದೂ ಒರೆಸಬೇಡಿ, ಹರಳು ಗೀರುತ್ತದೆ. ಮೊದಲು ಸಿಹಿನೀರು ಸುರಿದು ಕರಗಿಸಿ. ಹಳೆಯ ಕಾವಲುಗಾರರು ಅಂಗಿಯ ಗುಂಡಿ ಲೆನ್ಸಿಗೆ ತಾಗದಿರಲಿ ಎಂದು ಲಿನನ್ ಬಟ್ಟೆಯ ಏಪ್ರನ್ ಕಟ್ಟಿಕೊಂಡೇ ಹತ್ತಿರ ಹೋಗುತ್ತಿದ್ದರು. ಈಗಿನ ಅಕ್ರಿಲಿಕ್ ಲೆನ್ಸಿಗೆ ಥಿನ್ನರ್, ಸ್ಪಿರಿಟ್ ತಾಗಿಸಿದರೆ ಕೂದಲೆಳೆಯ ಬಿರುಕು ಬರುತ್ತದೆ, ಆ ಲೆನ್ಸ್ ಮತ್ತೆ ಕೆಲಸಕ್ಕೆ ಬಾರದು. ಇನ್ನೊಂದು ಮಾತು: ಹಳೆಯ ಬಲ್ಬಿನ ಬಿಸಿಗೆ ಗಾಜಿನ ಮೇಲಿನ ಇಬ್ಬನಿ ತಾನೇ ಆರುತ್ತಿತ್ತು. ಎಲ್‌ಇಡಿಗೆ ಬದಲಿಸಿದ ಮೇಲೆ ‘ಬೆಳಗಿನ ಜಾವ ಮಾತ್ರ ಮಂದ’ ಎಂಬ ದೂರು ಶುರುವಾಗಿದ್ದರೆ ಮೊದಲು ಇಬ್ಬನಿಯನ್ನೇ ಸಂಶಯಿಸಿ.

ಬಣ್ಣ ಮತ್ತು ವಲಯ

ವಲಯದ ದೀಪ ಒಂದು ಕೋನದಲ್ಲಿ ಬಿಳಿ, ಅದರ ಆಚೀಚೆ ಕೆಂಪು ಮತ್ತು ಹಸಿರು ತೋರುತ್ತದೆ. ಬಿಳಿಯಲ್ಲಿ ಬಂದರೆ ಕಾಲುವೆಯಲ್ಲಿದ್ದೀರಿ, ಬಣ್ಣ ಕಂಡರೆ ಪಕ್ಕಕ್ಕೆ ಸರಿದಿದ್ದೀರಿ. ಇಲ್ಲಿ ಬಲ್ಬ್ ಅಡ್ಡಕ್ಕೆ 5 ಮಿಲಿಮೀಟರ್ ಸರಿದರೆ, ಬಣ್ಣದ ಗಾಜು 250 ಮಿಲಿಮೀಟರ್ ದೂರದಲ್ಲಿದ್ದಾಗ, ಗಡಿಗೆರೆ ಒಂದು ಮೈಲಿ ಆಚೆ 37 ಮೀಟರ್ ಸರಿಯುತ್ತದೆ. ಕಾಲುವೆಯೇ ನೂರು ಮೀಟರ್ ಅಗಲ ಇದ್ದರೆ ಹಡಗು ಬಿಳಿ ಬೆಳಕನ್ನು ನೋಡುತ್ತಲೇ ಕೆಸರು ಹತ್ತಬಹುದು. ಹಾಗಾಗಿ ವಲಯದ ದೀಪದಲ್ಲಿ ಬಲ್ಬ್ ಬದಲಿಸಿದ ಪ್ರತಿ ಸಲವೂ ದೋಣಿಯಲ್ಲಿ ಅಡ್ಡಹಾದು ಬಣ್ಣ ಬದಲಾಗುವ ಬಿಂದುವಿನ ದಿಕ್ಕನ್ನು ಅಳೆದು ಪಟ್ಟಿಯೊಂದಿಗೆ ಹೋಲಿಸಲೇಬೇಕು. ಈ ಕೆಲಸಕ್ಕೆ ಸೋಮಾರಿತನ ಸಲ್ಲದು ಎಂದು ಒರಟಾಗಿಯೇ ಹೇಳುತ್ತೇನೆ.

‘ಕೆಂಪು ಮಾತ್ರ ಮಂದ, ಬಿಳಿ ಸರಿಯಿದೆ’ ಎಂದರೆ ಹಳೆಯ ಕೆಂಪು ಗಾಜಿನ ಹಿಂದೆ ಯಾರೋ ಬಿಳಿ ಎಲ್‌ಇಡಿ ಕೂರಿಸಿದ್ದಾರೆ. ತಂತುವಿನ ಬೆಳಕಿನಲ್ಲಿ ಕೆಂಪು ಧಾರಾಳ, ಬಿಳಿ ಎಲ್‌ಇಡಿಯಲ್ಲಿ ಅದು ಕಡಿಮೆ. ಗಾಜು ಉಳಿದದ್ದನ್ನು ತಡೆದು ಇದ್ದಷ್ಟನ್ನೇ ಹೊರಬಿಡುತ್ತದೆ. ಕೆಂಪು ಎಲ್‌ಇಡಿಯನ್ನೇ ಹಾಕಿ ಆ ಭಾಗದ ಗಾಜು ತೆಗೆಸುವುದು ಸರಿಯಾದ ದಾರಿ.

ಬಂದರಿನ ಬಾಯಿಯ ಎರಡು ದೀಪಗಳ ಬಣ್ಣ ಅದಲುಬದಲಾಗಿದೆ ಎಂದು ಹೊರದೇಶದ ಹಡಗಿನವರು ಗಾಬರಿಯಾದರೆ ಒಮ್ಮೆ ವಿಚಾರಿಸಿ ನೋಡಿ. ಒಳಬರುವಾಗ ಎಡಗಡೆ ಕೆಂಪು ಎಂಬುದು ಜಗತ್ತಿನ ಹೆಚ್ಚಿನ ಭಾಗದ ರೂಢಿ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್‌ಗಳಲ್ಲಿ ಕೆಂಪು ಬಲಗಡೆ.

ಲಯ ತಪ್ಪಿದೆ

ದೀಪಕ್ಕೆ ಲಯವೇ ಹೆಸರು. ಎಲ್ಲ ದೀಪಗಳೂ ಒಂದೇ ಸಮ ಉರಿಯುತ್ತಿದ್ದ ಕಾಲದಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ಒಡೆದ ಹಡಗುಗಳು ಹಲವು. ಬೆಳಕನ್ನು ಮರೆಮಾಡಿ ತೆರೆದು ಪ್ರತಿ ದೀಪಸ್ತಂಭವೂ ತನ್ನ ಸಂಖ್ಯೆ ತಾನೇ ಹೇಳಲಿ ಎಂದು 1851ರಲ್ಲಿ ಸೂಚಿಸಿದ್ದು ಗಣಕದ ಚಾರ್ಲ್ಸ್ ಬ್ಯಾಬೇಜ್. ಗುಂಪು ಗುಂಪಾಗಿ ಮಿನುಗುವ ಲೆನ್ಸ್ 1870ರ ದಶಕದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್ಕಿನ್ಸನ್ ಅವರಿಂದ ಬಂತು.

ಪರೀಕ್ಷೆಗೆ ಸ್ಟಾಪ್‌ವಾಚ್ ಸಾಕು. ಒಂದು ಆವರ್ತವನ್ನು ಅಳೆಯಬೇಡಿ, ಹತ್ತನ್ನು ಅಳೆದು ಹತ್ತರಿಂದ ಭಾಗಿಸಿ. ಒಂದು ಮಿಂಚಿನ ಆರಂಭದಿಂದ ಮುಂದಿನದರ ಆರಂಭಕ್ಕೆ, ಗುಂಪಾದರೆ ಗುಂಪಿನ ಮೊದಲ ಮಿಂಚಿನಿಂದ ಮುಂದಿನ ಗುಂಪಿನ ಮೊದಲ ಮಿಂಚಿಗೆ. ಎಲೆಕ್ಟ್ರಾನಿಕ್ ಫ್ಲಾಷರ್ (ದೀಪವನ್ನು ಲಯಕ್ಕೆ ತಕ್ಕಂತೆ ಹೊತ್ತಿಸಿ ಆರಿಸುವ ಸಾಧನ) ಇರುವ ದೀಪದಲ್ಲಿ ಆವರ್ತ ಅಚ್ಚುಕಟ್ಟಾಗಿದ್ದೂ ಪಟ್ಟಿಗಿಂತ ಬೇರೆಯಾಗಿದ್ದರೆ ಫ್ಲಾಷರಿನ ಸೆಟ್ಟಿಂಗ್ ಬದಲಾಗಿದೆ. ಹೊಸ ಫ್ಲಾಷರ್ ಕಾರ್ಖಾನೆಯ ಸೆಟ್ಟಿಂಗಿನಲ್ಲೇ ಕೂತಿರುವುದು ಇದರ ಸಾಮಾನ್ಯ ಕಥೆ. ಬ್ಯಾಟರಿ ಉಳಿಸಲು ಮಿಂಚಿನ ಅವಧಿ ಕಡಿಮೆ ಮಾಡಿದ್ದಾರೆಯೇ ಎಂದೂ ನೋಡಿ. ಬ್ಲಾಂಡೆಲ್–ರೇ ಸೂತ್ರದ ಪ್ರಕಾರ ಅರ್ಧ ಸೆಕೆಂಡಿನ ಮಿಂಚು ಕಣ್ಣಿಗೆ ಸ್ಥಿರ ಬೆಳಕಿನ ಶೇ. 71ರಷ್ಟು ಪ್ರಖರವಾಗಿ ಕಾಣುತ್ತದೆ, 0.2 ಸೆಕೆಂಡಿನದು ಶೇ. 50ರಷ್ಟು ಮಾತ್ರ.

ತಿರುಗುವ ಲೆನ್ಸ್ ಇದ್ದರೆ ರೋಗ ಬೇರೆ. ನಾಲ್ಕು ಫಲಕದ ಲೆನ್ಸ್ 20 ಸೆಕೆಂಡಿಗೆ ಒಂದು ಸುತ್ತು ಬಂದರೆ 5 ಸೆಕೆಂಡಿಗೊಂದು ಮಿಂಚು. ಸುತ್ತು 24 ಸೆಕೆಂಡಿಗೆ ಎಳೆದರೆ 6 ಸೆಕೆಂಡಿಗೊಂದು. ಮಿಂಚು ಉದ್ದವಾಗಿ ತುಸು ಪ್ರಖರವಾಗಿಯೇ ಕಾಣುವುದರಿಂದ ಗಡಿಯಾರ ಹಿಡಿಯದವರು ದೂರುವುದಿಲ್ಲ. ಬೇರಿಂಗ್, ಬೆಲ್ಟ್, ಮೋಟಾರ್ ನೋಡಿ. ಪ್ರತಿ ನಾಲ್ಕನೆಯ ಮಿಂಚು ಮಂದವಾದರೆ ತಪ್ಪು ಲೆನ್ಸಿನ ಒಂದು ಫಲಕದಲ್ಲಿದೆ: ಪ್ರಿಸಂ ಸಡಿಲಗೊಂಡಿದೆ ಅಥವಾ ಪುಟ್ಟಿ ಉದುರಿದೆ. ಒಂದೇ ದಿಕ್ಕಿಗೆ ಎಲ್ಲ ಮಿಂಚುಗಳೂ ಮಂದವಾದರೆ ಕೋಣೆಯ ಹೊರಗಾಜು, ಅಥವಾ ಆ ದಿಕ್ಕಿಗೆ ಹೊಸದಾಗಿ ಎದ್ದ ಆಂಟೆನಾ ಕಂಬ.

1890ರ ಸುಮಾರಿಗೆ ಫ್ರಾನ್ಸಿನ ಲೆಯೋನ್ ಬೂರ್ದೆಲ್ ಭಾರವಾದ ಲೆನ್ಸನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿದರು; ಟನ್‌ಗಟ್ಟಲೆ ಗಾಜು ಬೆರಳ ತುದಿಗೆ ತಿರುಗತೊಡಗಿತು. ಅಂಥ ತೊಟ್ಟಿ ನಿಮ್ಮಲ್ಲಿ ಉಳಿದಿದ್ದು, ಲೆನ್ಸ್ ತಿರುಗಲು ಹಟ ಮಾಡುತ್ತಿದ್ದರೆ ಪಾದರಸದ ಮೇಲೆ ಕೊಳೆಯ ಕೆನೆ ಕಟ್ಟಿದೆ ಅಥವಾ ಮಟ್ಟ ಇಳಿದಿದೆ. ನೀವಾಗಿ ಕೈಹಾಕಬೇಡಿ. ಪಾದರಸದ ಆವಿ ವಿಷ, ಮುಚ್ಚಿದ ಕೋಣೆಯಲ್ಲಿ ಇನ್ನೂ ಕೆಟ್ಟದ್ದು. ಕಿಟಕಿ ತೆರೆದು ಹೊರಬನ್ನಿ, ತರಬೇತಾದವರನ್ನು ಕರೆಸಿ. ಲೆನ್ಸ್ ಪೂರ್ತಿ ನಿಂತುಬಿಟ್ಟಿದ್ದರೆ ಮುಖ್ಯ ದೀಪ ಆರಿಸಿ ತುರ್ತು ದೀಪ ಹೊತ್ತಿಸಿ. ಇಲ್ಲವಾದರೆ ನಾಲ್ಕು ದಿಕ್ಕಿಗೆ ಮಿನುಗದ ಬೆಳಕು, ಉಳಿದೆಡೆ ಕತ್ತಲು.

ಹಗಲಲ್ಲೂ ಉರಿಯುತ್ತದೆ, ಇರುಳಲ್ಲಿ ಹೊತ್ತುವುದಿಲ್ಲ

ಇದಕ್ಕೆ ಕಾರಣ ಬೆಳಕಿನ ಸಂವೇದಕ. ಇದರ ಪೂರ್ವಜ ಸ್ವೀಡನ್ನಿನ ಗುಸ್ತಾಫ್ ದಾಲೆನ್ 1907ರಲ್ಲಿ ರೂಪಿಸಿದ ಸೂರ್ಯಕವಾಟ: ಹಗಲಲ್ಲಿ ಕಪ್ಪು ಸರಳು ಬೆಳಕು ಹೀರಿ ಪಕ್ಕದ ಹೊಳಪು ಸರಳುಗಳಿಗಿಂತ ಹೆಚ್ಚು ಹಿಗ್ಗಿ ಅಸಿಟಿಲೀನ್ ಅನಿಲವನ್ನು ಮುಚ್ಚುತ್ತಿತ್ತು. ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ. 1912ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಅಸಿಟಿಲೀನ್ ಸ್ಫೋಟದಲ್ಲಿ ಕಣ್ಣೂ ಹೋಯಿತು.

ಈಗಿನ ಸಂವೇದಕದಲ್ಲಿ ಬೆಳಕು ಬಿದ್ದಷ್ಟೂ ವಿದ್ಯುತ್ ರೋಧ ಇಳಿಯುತ್ತದೆ; ಅದರ ತಂತಿ ತುಂಡಾದರೆ ಯಂತ್ರ ಅದನ್ನು ಕತ್ತಲೆಂದೇ ತಿಳಿದು ದೀಪ ಹೊತ್ತಿಸುತ್ತದೆ. ಕೆಟ್ಟರೂ ಉರಿಯಲಿ ಎಂಬ ಉದ್ದೇಶದ ವಿನ್ಯಾಸ ಇದು. ಆದ್ದರಿಂದ ಹಗಲಲ್ಲಿ ಉರಿಯುತ್ತಿದ್ದರೆ ಮೊದಲು ತಂತಿ, ಆಮೇಲೆ ಸಂವೇದಕದ ಕಿಟಕಿಯ ಮೇಲಿನ ಹಕ್ಕಿ ಹಿಕ್ಕೆ ನೋಡಿ. ಇರುಳಲ್ಲಿ ಹೊತ್ತದಿದ್ದರೆ ಸಂವೇದಕಕ್ಕೆ ದಪ್ಪ ಕಪ್ಪುಬಟ್ಟೆ ಮುಚ್ಚಿ ಕೆಲವು ನಿಮಿಷ ಕಾಯಿರಿ; ಆಕಾಶದ ಮಿಂಚು, ವಾಹನದ ದೀಪಗಳಿಗೆ ಮೋಸ ಹೋಗದಿರಲು ಅದರಲ್ಲಿ ವಿಳಂಬ ಇಟ್ಟಿರುತ್ತಾರೆ. ಬಟ್ಟೆ ಮುಚ್ಚಿದಾಗ ಹೊತ್ತಿದರೆ ಯಾವುದೋ ಫ್ಲಡ್‌ಲೈಟ್ ಅದರ ಮುಖಕ್ಕೆ ಬೀಳುತ್ತಿದೆ. ದೀಪ ಹೊತ್ತಿ ಆರಿ ಆಟವಾಡುತ್ತಿದ್ದರೆ ತನ್ನ ಬೆಳಕನ್ನು ತಾನೇ ನೋಡುತ್ತಿದೆ, ಸಂವೇದಕದ ಮುಖ ತಿರುಗಿಸಿ.

ಬೆಳಗಿನ ಜಾವ ಆರುತ್ತದೆ

ಸೌರಫಲಕದ ದೀಪಗಳಲ್ಲಿ ಆರುವ ಹೊತ್ತನ್ನು ಸತತ ಮೂರ್ನಾಲ್ಕು ರಾತ್ರಿ ಬರೆದಿಡಿ. ದಿನದಿನಕ್ಕೂ ಬೇಗ ಆರುತ್ತಿದ್ದರೆ ಬ್ಯಾಟರಿ ತುಂಬುತ್ತಿಲ್ಲ: ಫಲಕದ ಮೇಲೆ ಹಿಕ್ಕೆ, ಕಟಾಂಜನದ ನೆರಳು, ಕಿಲುಬಿದ ಕನೆಕ್ಟರ್. ಸರಣಿಯಲ್ಲಿರುವ ಒಂದು ಕೋಶಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಪ್ರವಾಹ ಕುಸಿಯುತ್ತದೆ. ಪ್ರತಿ ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆರಿದರೆ ಬ್ಯಾಟರಿ ತುಂಬುತ್ತಿದೆ, ಆದರೆ ಮುದಿಯಾಗಿದೆ. 12 ವೋಲ್ಟಿನ ಸೀಸ–ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಿ, ಭಾರ ಹಾಕಿದ ಸ್ವಲ್ಪ ಹೊತ್ತಿಗೇ 11.5ಕ್ಕೆ ಜಾರಿದರೆ ಬದಲಿಸಿ. ಬ್ಯಾಟರಿ ಪೆಟ್ಟಿಗೆಯಲ್ಲಿ ಹೈಡ್ರೋಜನ್ ಸೇರಿರಬಹುದು, ಮುಚ್ಚಳ ತೆರೆದು ಗಾಳಿಯಾಡಿದ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಪೂರ್ತಿ ಕತ್ತಲು

ಇದು ಸುಲಭದ ದೋಷ. ಫ್ಯೂಸ್, ಮಿಂಚು ನಿರೋಧಕ, ಹೋಲ್ಡರ್, ಬಲ್ಬ್. ಈ ಕ್ರಮದಲ್ಲಿ ಮಲ್ಟಿಮೀಟರ್ ಹಿಡಿದು ಹೋದರೆ ಸಿಗುತ್ತದೆ. ಸಿಡಿಲಿನ ಮಾರನೆಯ ದಿನವಾದರೆ ಮಿಂಚು ನಿರೋಧಕದಿಂದಲೇ ಶುರುಮಾಡಿ. ದಾರಿ ತೋರುವ ಜೋಡಿ ದೀಪಗಳಲ್ಲಿ (ಎರಡನ್ನೂ ಒಂದೇ ಗೆರೆಯಲ್ಲಿ ಕಂಡು ಹಡಗು ದಾರಿ ಹಿಡಿಯುತ್ತದೆ) ಒಂದು ಆರಿದ್ದರೆ ಜೋಡಿಯೇ ಕೆಟ್ಟಿದೆ ಎಂದು ವರದಿ ಮಾಡಿ. ಒಂದೇ ದೀಪದಿಂದ ಗೆರೆ ಎಳೆಯಲಾಗದು.

ದುರಸ್ತಿಯಾದ ಮೇಲೆ

ಎಚ್ಚರಿಕೆ ಹಿಂಪಡೆಯಲು ಹೇಳುವ ಮೊದಲು ಕತ್ತಲಾದ ಮೇಲೆ ದೋಣಿಯಿಂದ ನೋಡಿ: ಹತ್ತು ಆವರ್ತದ ಅಳತೆ, ಪ್ರತಿ ವಲಯದ ಬಣ್ಣ, ಗಡಿಗಳ ದಿಕ್ಕು. ದಾಖಲೆ ಪುಸ್ತಕದಲ್ಲಿ ದೋಷ ಶುರುವಾದ ಹೊತ್ತು, ದೀಪ ಪಟ್ಟಿಯಂತೆ ಮರಳಿದ ಹೊತ್ತು, ಹೋಲ್ಡರಿನಲ್ಲಿ ಅಳೆದ ವೋಲ್ಟೇಜ್, ಬದಲಿಸಿದ ಭಾಗ ಇಷ್ಟನ್ನೂ ಬರೆಯಿರಿ. ಮೊದಲ ಎರಡು ಸಮಯಗಳನ್ನು ಅಂದಾಜಿನಲ್ಲಿ ಬರೆಯಬೇಡಿ. ಇಯಾಲಾದ ಮೊದಲ ವರ್ಗದ, ಅಂದರೆ ಸಂಚಾರಕ್ಕೆ ಅತಿ ಮುಖ್ಯವಾದ ದೀಪಕ್ಕೆ ಶೇ. 99.8 ಲಭ್ಯತೆ ಬೇಕು. ವರ್ಷಕ್ಕೆ ಹದಿನೇಳೂವರೆ ಗಂಟೆಯಷ್ಟೇ ಅದರ ರಜೆ, ಆ ಲೆಕ್ಕ ಕಟ್ಟುವುದು ಈ ಎರಡು ಸಮಯಗಳಿಂದಲೇ.